ಅಲ್ಲಿಯ ಕಮ್ಮಟ, ಇಲ್ಲಿಯ ನಾಣ್ಯ

ನಾಣ್ಯವೊಂದು ನಮ್ಮ ಕೈಗೆ ಬಂದಾಗ ಅದನ್ನು ಅಚ್ಚುಹಾಕಿದ ಕಮ್ಮಟ ಎಲ್ಲಿದೆ ಎಂದು ನಾವು ವಿಚಾರಿಸುವುದಿಲ್ಲ. ಮೇಲಿನ ಮುದ್ರೆಯನ್ನು ನೋಡುತ್ತೇವೆ, ನಂಬುತ್ತೇವೆ, ಅಂಗಡಿಯವನ ಕೈಗೆ ದಾಟಿಸುತ್ತೇವೆ. ಗಣಕಯಂತ್ರವನ್ನು ಬಳಸುವ ಗೃಹಸ್ಥನ ಸ್ಥಿತಿಯೂ ಹೆಚ್ಚುಕಡಮೆ ಹೀಗೆಯೇ. ಸಂಗೀತ ಕೇಳುವುದಕ್ಕೆ, ಚಲಚ್ಚಿತ್ರ ನೋಡುವುದಕ್ಕೆ, ಕಾಗದಪತ್ರ ಬರೆಯುವುದಕ್ಕೆ ಬೇಕಾದ ತಂತ್ರಾಂಶ ಅವನಿಗೆ ಸಿದ್ಧರೂಪದಲ್ಲಿ ದೊರೆಯುತ್ತದೆ. ಅದನ್ನು ತನ್ನ ಯಂತ್ರಕ್ಕೆ ಇಳಿಸಿಕೊಂಡು ನೆಮ್ಮದಿಯಾಗಿ ಬಳಸುತ್ತಾನೆ. ಅದು ಎಲ್ಲಿ ತಯಾರಾಯಿತು, ಯಾರ ಕೈಯಲ್ಲಿ ತಯಾರಾಯಿತು ಎಂಬ ಚಿಂತೆ ಅವನನ್ನು ಬಾಧಿಸುವುದಿಲ್ಲ.

ನಮ್ಮ ಊರುಗಳ ಮನೆಗಳಲ್ಲಿಯೂ ಕಚೇರಿಗಳಲ್ಲಿಯೂ ಇರುವ ಯಂತ್ರಗಳಲ್ಲಿ ಬಹುಪಾಲು ನಡೆಯುವುದು ವಿಂಡೋಸ್ ಎಂಬ ಕಾರ್ಯವ್ಯವಸ್ಥೆಯ ಆಳ್ವಿಕೆಯಲ್ಲಿ. ಆ ಯಂತ್ರಗಳಲ್ಲಿ ನಾವು ಬಳಸುವ ಮುಕ್ತ ತಂತ್ರಾಂಶಗಳಲ್ಲಿ ಎಷ್ಟೋ ವಿಂಡೋಸ್‌ನ ನೆಲದಲ್ಲಿ ಸಿದ್ಧವಾದವಲ್ಲ ಎಂದರೆ ಅನೇಕರಿಗೆ ಆಶ್ಚರ್ಯವಾದೀತು. ಚಿತ್ರ ನೋಡಲು ಲೋಕದಾದ್ಯಂತ ಜನ ಬಳಸುವ ವಿಎಲ್‌ಸಿ ಎಂಬುದು 1996ರಲ್ಲಿ ಪ್ಯಾರಿಸಿನ ಒಂದು ಎಂಜಿನಿಯರಿಂಗ್ ವಿದ್ಯಾಲಯದ ವಿದ್ಯಾರ್ಥಿಗಳಿಂದ ಆರಂಭವಾದದ್ದು. ಅದರ ವಿಂಡೋಸ್ ಪ್ರತಿಗಳನ್ನು ಇಂದು ಕಟ್ಟುವುದು ಲಿನಕ್ಸ್ ಎಂಬ ಬೇರೊಂದು ವ್ಯವಸ್ಥೆಯ ಮೇಲೆ. ಕಮ್ಮಟ ಒಂದು ರಾಜ್ಯದಲ್ಲಿ, ನಾಣ್ಯದ ಚಲಾವಣೆ ಇನ್ನೊಂದು ರಾಜ್ಯದಲ್ಲಿ! ಈ ವಿಚಿತ್ರ ಪದ್ಧತಿ ಹೇಗೆ ಬೆಳೆದು ಬಂದಿತು, ಅದರಲ್ಲಿ ಅಡಗಿರುವ ವಿಶ್ವಾಸದ ಪ್ರಶ್ನೆ ಯಾವುದು ಎಂಬುದನ್ನು ಸ್ಥೂಲವಾಗಿ ನಿರೂಪಿಸುವುದು ಈ ಭಾಷಣದ ಉದ್ದೇಶ.

ಮೊದಲು ಒಂದೆರಡು ಮಾತುಗಳನ್ನು ಸ್ಪಷ್ಟಪಡಿಸಿಕೊಳ್ಳುವುದು ಒಳ್ಳೆಯದು. ಯಾವುದೇ ತಂತ್ರಾಂಶಕ್ಕೆ ಎರಡು ಪಾಠಗಳಿರುತ್ತವೆ. ಮನುಷ್ಯರು ಬರೆದು ಮನುಷ್ಯರು ಓದಬಲ್ಲ ಪಾಠ ಒಂದು. ಇದನ್ನು ಮೂಲಪಾಠ ಎನ್ನೋಣ. ಸೊನ್ನೆ ಒಂದುಗಳ ಸಾಲಾಗಿ, ಯಂತ್ರವೊಂದೇ ಅರಿತು ನಡೆಸಬಲ್ಲ ಪಾಠ ಇನ್ನೊಂದು, ಇದು ಯಂತ್ರಪಾಠ. ಮೊದಲನೆಯದನ್ನು ಎರಡನೆಯದಾಗಿ ಮಾರ್ಪಡಿಸುವ ಅನುವಾದಕನಿಗೆ ಕಂಪೈಲರ್ ಎಂದು ಹೆಸರು. ಈ ಅನುವಾದಕ ತಾನೂ ಒಂದು ತಂತ್ರಾಂಶವೇ. ಸಾಮಾನ್ಯವಾಗಿ ಅದು ತಾನು ನಡೆಯುತ್ತಿರುವ ನೆಲದ ಭಾಷೆಗೇ ಅನುವಾದ ಮಾಡುತ್ತದೆ. ತಾನಿರುವುದು ಒಂದು ಕಡೆ, ಅನುವಾದಿಸುವುದು ಇನ್ನೊಂದು ಕಡೆಯ ಭಾಷೆಗೆ ಎಂದಾದರೆ ಅದು ಕ್ರಾಸ್ ಕಂಪೈಲರ್ ಎನಿಸುತ್ತದೆ. ಯಂತ್ರ ಒಂದೇ ಆದರೂ ಅದನ್ನಾಳುವ ಕಾರ್ಯವ್ಯವಸ್ಥೆ ಬೇರೆಯಾದರೆ ಯಂತ್ರಪಾಠದ ಕಟ್ಟೋಣವೂ ಬೇರೆಯಾಗುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು.

ಪರನೆಲಕ್ಕಾಗಿ ತಂತ್ರಾಂಶ ಕಟ್ಟುವ ಈ ರೂಢಿ ಹೊಸದಲ್ಲ. ಲಿನಕ್ಸ್‌ಗೆ ಆದರ್ಶವಾದ ಯುನಿಕ್ಸ್ ಹುಟ್ಟಿದ್ದೇ ಹೀಗೆ. 1969ರಲ್ಲಿ ಅಮೆರಿಕದ ಬೆಲ್ ಪ್ರಯೋಗಶಾಲೆಯಲ್ಲಿ ಕೆನ್ ಥಾಂಪ್ಸನ್ ಅದರ ಮೊದಲ ಭಾಗಗಳನ್ನು ಬರೆದಾಗ ಪಿಡಿಪಿ-7 ಎಂಬ ಸಣ್ಣ ಯಂತ್ರದಲ್ಲಿ ಆ ಕೆಲಸಕ್ಕೆ ಬೇಕಾದ ಸಲಕರಣೆ ಇರಲಿಲ್ಲ. ಆತ ಜಿಇ-635 ಎಂಬ ದೊಡ್ಡ ಯಂತ್ರದ ಮೇಲೆ ಕೆಲಸ ಮಾಡಿ, ಫಲವನ್ನು ಕಾಗದದ ಪಟ್ಟಿಯ ಮೇಲೆ ರಂಧ್ರಗಳಾಗಿ ಪಡೆದು, ಆ ಪಟ್ಟಿಯನ್ನು ಕೈಯಲ್ಲಿ ಹಿಡಿದು ಪಿಡಿಪಿ-7ರ ಬಳಿಗೆ ಒಯ್ಯುತ್ತಿದ್ದ. ಸಣ್ಣ ಯಂತ್ರ ತನ್ನ ಕೆಲಸವನ್ನು ತಾನೇ ಮಾಡಿಕೊಳ್ಳುವಷ್ಟು ಸಮರ್ಥವಾಗುವವರೆಗೂ ಈ ಸಾಗಾಟ ನಡೆಯಿತು. ಕೂಸು ನಡೆಯಲು ಕಲಿಯುವ ತನಕ ಎತ್ತಿಕೊಂಡು ತಿರುಗುವ ಹಾಗೆ.

ಇನ್ನೊಂದು ಪ್ರಸಂಗ ಇದಕ್ಕಿಂತ ಸ್ವಾರಸ್ಯವಾದದ್ದು. 1975ರ ಜನವರಿಯ ಸಂಚಿಕೆಯಲ್ಲಿ ಅಮೆರಿಕದ ಒಂದು ವಿದ್ಯುನ್ಮಾನ ಪತ್ರಿಕೆ ಆಲ್ಟೇರ್ ಎಂಬ ಪುಟ್ಟ ಗಣಕದ ಚಿತ್ರವನ್ನು ಮುಖಪುಟದಲ್ಲಿ ಪ್ರಕಟಿಸಿತು. ಪಾಲ್ ಅಲೆನ್ ಮತ್ತು ಬಿಲ್ ಗೇಟ್ಸ್ ಎಂಬ ಇಬ್ಬರು ತರುಣರು ಅದಕ್ಕೆ ಬೇಸಿಕ್ ಭಾಷೆಯನ್ನು ಒದಗಿಸಲು ಹೊರಟರು. ಆಲ್ಟೇರನ್ನು ಅವರು ಕಂಡಿರಲಿಲ್ಲ. ಹಾರ್ವರ್ಡ್ ವಿಶ್ವವಿದ್ಯಾಲಯದ ಪಿಡಿಪಿ-10 ಎಂಬ ದೊಡ್ಡ ಯಂತ್ರದಲ್ಲಿ ಅಲೆನ್ ಆಲ್ಟೇರಿನ ಮಿದುಳಾದ 8080 ಚಿಪ್ಪಿನ ಅನುಕರಣವೊಂದನ್ನು ರಚಿಸಿದ. ಅದರ ಮೇಲೆ ಬೇಸಿಕ್ ಸಿದ್ಧವಾಯಿತು. ಕಾಗದದ ಪಟ್ಟಿಯೊಡನೆ ಅಲೆನ್ ಆಲ್ಬುಕರ್ಕಿ ನಗರಕ್ಕೆ ವಿಮಾನ ಹತ್ತಿದ. ಪಟ್ಟಿಯನ್ನು ಯಂತ್ರದೊಳಕ್ಕೆ ತುಂಬಿಸುವ ಪುಟ್ಟ ಕ್ರಮವಿಧಿ ಬರೆದಿಲ್ಲವೆಂಬುದು ವಿಮಾನ ಇಳಿಯುವ ಹೊತ್ತಿಗೆ ನೆನಪಾಗಿ ಅಲ್ಲಿಯೇ ಬರೆದ. ನಿಜವಾದ ಯಂತ್ರದ ಮೇಲೆ ಎರಡಕ್ಕೆ ಎರಡು ಕೂಡಿಸಲು ಹೇಳಿದಾಗ ಅದು ನಾಲ್ಕು ಎಂದು ಉತ್ತರ ಕೊಟ್ಟಿತು. ವಿಂಡೋಸ್‌ನ ಒಡೆತನದ ಮೈಕ್ರೋಸಾಫ್ಟ್ ಸಂಸ್ಥೆಯ ಮೊದಲ ಸರಕು ಇದೇ. ಪರರ ಯಂತ್ರದಲ್ಲಿ ಸಿದ್ಧಪಡಿಸಿ ಬೇರೆಡೆಗೆ ಸಾಗಿಸುವ ಪದ್ಧತಿಯಿಂದಲೇ ಆ ಸಂಸ್ಥೆಯೂ ಹುಟ್ಟಿತು ಎಂಬುದನ್ನು ಗಮನಿಸಬೇಕು.

ಮರುವರ್ಷ, 1976ರಲ್ಲಿ, ಗೇಟ್ಸ್ ಹವ್ಯಾಸಿಗಳಿಗೊಂದು ಬಹಿರಂಗ ಪತ್ರ ಬರೆದು ತಮ್ಮ ತಂತ್ರಾಂಶವನ್ನು ಹಣ ಕೊಡದೆ ನಕಲು ಮಾಡುವವರನ್ನು ಆಕ್ಷೇಪಿಸಿದರು. ಅಲ್ಲಿಂದ ಏಳು ವರ್ಷಕ್ಕೆ, 1983ರಲ್ಲಿ, ರಿಚರ್ಡ್ ಸ್ಟಾಲ್‌ಮನ್ ಇದಕ್ಕೆ ನೇರ ವಿರುದ್ಧವಾದ ಸಂಕಲ್ಪವೊಂದನ್ನು ಸಾರಿದರು. ತಂತ್ರಾಂಶದ ಮೂಲಪಾಠ ಎಲ್ಲರಿಗೂ ದೊರೆಯಬೇಕು, ಓದುವ, ತಿದ್ದುವ, ಹಂಚುವ ಸ್ವಾತಂತ್ರ್ಯ ಎಲ್ಲರಿಗೂ ಇರಬೇಕು ಎಂಬುದೇ ಆ ಸಂಕಲ್ಪ. ಗ್ನೂ ಎಂಬುದು ಅದರ ಹೆಸರು. 1987ರಲ್ಲಿ ಈ ಬಳಗದ ಕಂಪೈಲರ್ ಹೊರಬಂದಿತು. ಅದನ್ನು ಜಿಸಿಸಿ ಎನ್ನುತ್ತಾರೆ. 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೈನಸ್ ಟೊರ್ವಾಲ್ಡ್ಸ್ ಲಿನಕ್ಸ್‌ನ ತಿರುಳನ್ನು ಬರೆದು ಹಂಚಿದ. ಮುಕ್ತ ತಂತ್ರಾಂಶದವರಿಗೆ ತಮ್ಮದೇ ಆದ ಮನೆ ಹೀಗೆ ಸಿದ್ಧವಾಯಿತು. ಆದರೆ ಜನ ಇದ್ದದ್ದು ಬೇರೆ ಮನೆಯಲ್ಲಿ. 1995ರ ವಿಂಡೋಸ್ ಬಂದ ಮೇಲಂತೂ ಮನೆಮನೆಯ ಗಣಕದಲ್ಲಿ ಅದರದೇ ಆಳ್ವಿಕೆ.

ಇಲ್ಲಿ ಒಂದು ಧರ್ಮಸಂಕಟವುಂಟು. ಮೂಲಪಾಠವನ್ನು ಎಲ್ಲರಿಗೂ ಕೊಟ್ಟಿದ್ದೇವೆ ಎಂದು ಹೇಳುವುದು ಸುಲಭ. ಅದನ್ನು ಯಂತ್ರಪಾಠವಾಗಿ ಮಾಡಿಕೊಳ್ಳುವ ಶಕ್ತಿ ಎಷ್ಟು ಜನರಿಗಿದೆ? ಬತ್ತವನ್ನು ದಾನಮಾಡಿ, ಕುಟ್ಟಿ ಅಕ್ಕಿ ಮಾಡಿಕೊಳ್ಳುವುದು ನಿನ್ನ ಭಾರ ಎಂದರೆ ಒನಕೆಯಿಲ್ಲದವನು ಉಪವಾಸವೇ ಇರಬೇಕಾಗುತ್ತದೆ. ವಿಂಡೋಸ್ ಬಳಸುವ ಸಾಮಾನ್ಯನಿಗೆ ಸಿದ್ಧವಾದ ಪ್ರತಿಯೇ ಬೇಕು. ಕೊಡಬೇಕಾದವರೋ ಲಿನಕ್ಸ್‌ನಲ್ಲಿ ನೆಲೆಸಿದವರು, ಬಹುಮಂದಿ ಬಿಡುವಿನ ವೇಳೆಯಲ್ಲಿ ದುಡಿಯುವ ಸ್ವಯಂಸೇವಕರು. ವಿಂಡೋಸ್‌ಗಾಗಿ ಹಣ ತೆತ್ತು ಇನ್ನೊಂದು ಯಂತ್ರ ಇಟ್ಟುಕೊಳ್ಳುವ ಅನುಕೂಲವಾಗಲಿ ಇಚ್ಛೆಯಾಗಲಿ ಎಲ್ಲರಿಗೂ ಇರಲಾರದು. ತಮ್ಮ ಮನೆಯಲ್ಲಿಯೇ ಕುಳಿತು ಆ ಮನೆಗೆ ಬೇಕಾದುದನ್ನು ಸಿದ್ಧಪಡಿಸುವ ದಾರಿ ಬೇಕಾಯಿತು.

ದಾರಿಯನ್ನು ಮೊದಲು ತೆರೆದವರು ಸಿಗ್ನಸ್ ಎಂಬ ಅಮೆರಿಕದ ಸಂಸ್ಥೆಯವರು. ಮುಕ್ತ ತಂತ್ರಾಂಶವನ್ನು ನೆಚ್ಚಿಕೊಂಡೇ ವ್ಯಾಪಾರ ನಡೆಸಬಹುದೆಂದು ತೋರಿಸಲು 1989ರಲ್ಲಿ ಸ್ಥಾಪಿತವಾದ ಸಂಸ್ಥೆ ಅದು. ನಾನಾ ಬಗೆಯ ಚಿಪ್ಪುಗಳಿಗೆ ಜಿಸಿಸಿಯನ್ನು ಹೊಂದಿಸಿಕೊಡುವುದು ಅವರ ಮುಖ್ಯ ವೃತ್ತಿ. ಅವರಲ್ಲಿದ್ದ ಸ್ಟೀವ್ ಚೇಂಬರ್ಲೇನ್ ಎಂಬ ಎಂಜಿನಿಯರ್ 1995ರ ಸುಮಾರಿಗೆ ಒಂದು ಸಂಗತಿಯನ್ನು ಕಂಡುಕೊಂಡರು. ವಿಂಡೋಸ್‌ನ ಯಂತ್ರಪಾಠದ ಕಟ್ಟೋಣಕ್ಕೆ ಆಧಾರವಾದ ರೀತಿ ಜಿಸಿಸಿಗೆ ಆಗಲೇ ಪರಿಚಿತವಾಗಿತ್ತು. ಹಾಗಿದ್ದಮೇಲೆ ಸ್ವಲ್ಪ ತಿದ್ದಿದರೆ ಅದು ವಿಂಡೋಸ್‌ಗಾಗಿಯೂ ಅನುವಾದಿಸಬಲ್ಲದಷ್ಟೆ! ಯುನಿಕ್ಸ್‌ನ ನಡೆನುಡಿಯನ್ನು ವಿಂಡೋಸ್‌ನಲ್ಲಿ ಅಭಿನಯಿಸಿ ತೋರಿಸುವ ಸಿಗ್ವಿನ್ ಎಂಬ ಪದರ ಇದರಿಂದ ಬೆಳೆಯಿತು.

ಈ ವೃತ್ತಿಯವರಲ್ಲಿ ಕೆನಡಾದ ಕ್ರಾಸ್ ಎಂಬೊಂದು ಪರಿಭಾಷೆಯುಂಟು. ಕಂಪೈಲರನ್ನು ಕಟ್ಟುವುದು ಒಂದು ನೆಲದಲ್ಲಿ, ಅದು ನಡೆಯುವುದು ಎರಡನೆಯ ನೆಲದಲ್ಲಿ, ಅದು ಅನುವಾದಿಸುವುದು ಮೂರನೆಯ ನೆಲದ ಭಾಷೆಗೆ. ಹೀಗೆ ಮೂರು ಕೂಡಿದಾಗ ಈ ಹೆಸರು. ಚರ್ಚೆ ನಡೆದ ಕಾಲಕ್ಕೆ ಕೆನಡಾ ದೇಶದಲ್ಲಿ ಮೂರು ರಾಷ್ಟ್ರೀಯ ಪಕ್ಷಗಳಿದ್ದವು ಎಂಬುದೇ ನಾಮಕರಣಕ್ಕೆ ಕಾರಣವಂತೆ. ಶಾಸ್ತ್ರದ ಮಾತಿನಲ್ಲಿಯೂ ವಿನೋದಕ್ಕೆ ಎಡೆಯಿರುತ್ತದೆ.

ಸಿಗ್ವಿನ್‌ನಲ್ಲಿ ಒಂದು ತೊಡಕಿತ್ತು. ಅದರಿಂದ ಕಟ್ಟಿದ ತಂತ್ರಾಂಶಕ್ಕೆ ಅಭಿನಯದ ಆ ಪದರ ಸದಾ ಜೊತೆಯಲ್ಲಿರಬೇಕು. ಮಧ್ಯಸ್ಥನಿಲ್ಲದೆ ನೇರವಾಗಿ ವಿಂಡೋಸ್‌ನೊಡನೆ ಮಾತಾಡುವ ಯಂತ್ರಪಾಠ ಬೇಕೆಂದು 1998ರಲ್ಲಿ ಕಾಲಿನ್ ಪೀಟರ್ಸ್ ಆರಂಭಿಸಿದ ಕೆಲಸವೇ ಮಿನ್‌ಜಿಡಬ್ಲ್ಯೂ. ಮುಂದೆ 64 ಬಿಟ್ಟುಗಳ ಯಂತ್ರಗಳು ಬಂದಾಗ ಅದರದೇ ಶಾಖೆಯಾಗಿ ಮಿನ್‌ಜಿಡಬ್ಲ್ಯೂ-ಡಬ್ಲ್ಯೂ64 ಬೆಳೆದು, ಇಂದು ಲಿನಕ್ಸ್ ಹಂಚುವ ಮುಖ್ಯ ಬಳಗಗಳೆಲ್ಲ ಅದನ್ನು ತಮ್ಮ ಭಂಡಾರದಲ್ಲಿ ಇಟ್ಟುಕೊಂಡಿವೆ. ಮುಕ್ತ ತಂತ್ರಾಂಶದವರು ವಿಂಡೋಸ್‌ಗೆ ಕಟ್ಟುವಾಗ ಬಹುಮಟ್ಟಿಗೆ ನೆಚ್ಚಿರುವ ಸಾಧನ ಇದು.

ಇಷ್ಟಾದರೆ ಕಥೆ ಮುಗಿಯಿತೆ? ಇಲ್ಲ. ಉಳಿ ಸುತ್ತಿಗೆ ಇದ್ದಮಾತ್ರಕ್ಕೆ ವಿಗ್ರಹವಾಗುವುದಿಲ್ಲ. ದೊಡ್ಡ ತಂತ್ರಾಂಶವೊಂದಕ್ಕೆ ಹತ್ತಾರು ಸಹಾಯಕ ಗ್ರಂಥಾಲಯಗಳು ಬೇಕು. ಚಿತ್ರ ಬಿಡಿಸುವುದಕ್ಕೆ ಒಂದು, ಅಕ್ಷರ ಜೋಡಿಸುವುದಕ್ಕೆ ಒಂದು, ಧ್ವನಿಗೆ ಇನ್ನೊಂದು. ಇವೆಲ್ಲವನ್ನೂ ಮೊದಲು ವಿಂಡೋಸ್‌ಗಾಗಿ ಕಟ್ಟಿಕೊಳ್ಳಬೇಕು, ಪ್ರತಿಯೊಂದರ ಆವೃತ್ತಿಯೂ ಉಳಿದವುಗಳೊಡನೆ ಹೊಂದಬೇಕು. ಸಣ್ಣ ವಿಷಯಗಳೂ ಕಾಡುತ್ತವೆ. ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳನ್ನು ವಿಂಡೋಸ್ ಸಾಮಾನ್ಯವಾಗಿ ಒಂದೇ ಎಂದು ಎಣಿಸುತ್ತದೆ. ಲಿನಕ್ಸ್ ಬೇರೆಬೇರೆ ಎನ್ನುತ್ತದೆ. ಅಲ್ಲಿ ಸಿಕ್ಕುವ ಕಡತ ಇಲ್ಲಿ ಕಾಣೆಯಾಗುತ್ತದೆ. ಅಂಥ ಭೇದವೇ ಇಲ್ಲದ ಲಿಪಿಯಲ್ಲಿ ಬರೆಯುವ ನಮಗೆ ಇದು ತಮಾಷೆಯಾಗಿ ಕಂಡರೂ, ಒಂದು ಅಕ್ಷರದ ದೆಸೆಯಿಂದ ಇಡೀ ದಿನದ ದುಡಿಮೆ ನಿಂತುಹೋಗುವುದುಂಟು.

ಇಂಥ ತೊಡಕುಗಳನ್ನೆಲ್ಲ ಬಿಡಿಸುತ್ತ ಬಿಡಿಸುತ್ತ ಒಬ್ಬಾತನ ಯಂತ್ರ ಕ್ರಮೇಣ ಪಳಗುತ್ತದೆ. ಯಾವ ಗ್ರಂಥಾಲಯ ಎಲ್ಲಿದೆ, ಯಾವುದನ್ನು ಎಂದು ತಿದ್ದಿದ್ದು ಎಂಬುದು ಅವನೊಬ್ಬನಿಗೆ ಗೊತ್ತು. ಬಳಗದ ಎಲ್ಲರೂ ವಿಂಡೋಸ್ ಪ್ರತಿಗಾಗಿ ಅವನನ್ನೇ ಕಾಯುತ್ತಾರೆ. ಅವನಿಗೆ ಕಾಯಿಲೆಯಾದರೆ, ಬೇರೆ ಉದ್ಯೋಗ ಸಿಕ್ಕಿದರೆ, ಅವನ ಯಂತ್ರ ಕೆಟ್ಟರೆ, ವಿದ್ಯೆ ಅಲ್ಲಿಗೆ ನಿಂತಿತು. ಮನೆತನದ ಔಷಧದ ಗುಟ್ಟು ಮಗನಿಗೆ ಹೇಳುವ ಮುನ್ನ ತಂದೆ ಕಣ್ಣುಮುಚ್ಚಿದ ಹಾಗೆ. ಮೂಲಪಾಠ ಮುಕ್ತವಾಗಿದ್ದರೂ ಅದನ್ನು ಕಟ್ಟುವ ಕಲೆ ಒಬ್ಬನ ಖಾಸಗಿ ಸೊತ್ತಾಗಿ ಉಳಿದರೆ ಆ ಸ್ವಾತಂತ್ರ್ಯ ಅರ್ಧವೇ ಸರಿ. ಕಂಟೈನರ್ ಎಂಬ ಕಲ್ಪನೆ ಈ ಕಥೆಯಲ್ಲಿ ಪ್ರವೇಶಿಸುವುದು ಇಲ್ಲಿ.

ಹೆಸರು ಬಂದದ್ದು ಹಡಗುಗಳಿಂದ. 1956ರ ಏಪ್ರಿಲ್ 26ರಂದು ಐಡಿಯಲ್-ಎಕ್ಸ್ ಎಂಬ ಹಡಗು 58 ಅಲ್ಯೂಮಿನಿಯಂ ಪೆಟ್ಟಿಗೆಗಳನ್ನು ಹೊತ್ತು ಅಮೆರಿಕದ ನ್ಯೂವಾರ್ಕ್ ಬಂದರಿನಿಂದ ಹ್ಯೂಸ್ಟನ್ನಿಗೆ ಹೊರಟಿತು. ಒಳಗೆ ಏನೇ ಇರಲಿ, ಹೊರಗಿನ ಪೆಟ್ಟಿಗೆಯ ಅಳತೆ ಒಂದೇ ಆದರೆ ಲಾರಿಯಿಂದ ಹಡಗಿಗೆ, ಹಡಗಿನಿಂದ ರೈಲಿಗೆ ಸಾಗಿಸುವುದು ಸಲೀಸು ಎಂಬುದು ಅದರ ಒಡೆಯ ಮಾಲ್ಕಮ್ ಮೆಕ್ಲೀನ್ ಕಂಡ ಸತ್ಯ. ಗಣಕಲೋಕದ ಕಂಟೈನರಿನ ವಂಶವೃಕ್ಷ ಮಾತ್ರ ಬೇರೆ. 1979ರ ಯುನಿಕ್ಸ್‌ನಲ್ಲಿ ಸಿಎಚ್‌ರೂಟ್ ಎಂಬೊಂದು ಆಜ್ಞೆ ಸೇರಿತು. ಅದನ್ನು ಕೊಟ್ಟರೆ ತಂತ್ರಾಂಶವೊಂದಕ್ಕೆ ಕಡತಗಳ ಇಡೀ ಪ್ರಪಂಚ ಕಾಣುವುದಿಲ್ಲ. ನಾವು ತೋರಿಸಿದ ಒಂದು ಕೋಣೆಯೇ ಅದರ ಪಾಲಿಗೆ ಬ್ರಹ್ಮಾಂಡ. 1982ರ ಮಾರ್ಚಿಯಲ್ಲಿ ಬಿಲ್ ಜಾಯ್ ಅದನ್ನು ಬರ್ಕ್ಲಿಯ ಯುನಿಕ್ಸ್‌ಗೆ ತಂದದ್ದು ಹೊಸ ಆವೃತ್ತಿಯ ಸ್ಥಾಪನೆಯನ್ನೂ ಕಟ್ಟುವಿಕೆಯನ್ನೂ ಪರೀಕ್ಷಿಸುವುದಕ್ಕಾಗಿ ಎಂದು ದಾಖಲೆಯಿದೆ. ಕಂಟೈನರಿನ ಪೂರ್ವಜನ ಬಳಕೆಯೂ ಕಮ್ಮಟದ ಕೆಲಸಕ್ಕಾಗಿಯೇ ಆಗಿತ್ತೆಂಬುದು ನಮ್ಮ ವಿಷಯಕ್ಕೆ ಮುಖ್ಯವಾದ ಅಂಶ.

ಮುಂದಿನ ಮೆಟ್ಟಿಲುಗಳನ್ನು ಬೇಗ ಹತ್ತಬಹುದು. 2000ದಲ್ಲಿ ಫ್ರೀಬಿಎಸ್‌ಡಿಯವರು ಜೈಲ್ ಎಂಬ ಹೆಸರಿನಲ್ಲಿ ಆ ಕೋಣೆಗೆ ಭದ್ರವಾದ ಗೋಡೆ ಕಟ್ಟಿದರು. ಲಿನಕ್ಸ್ ತಿರುಳಿನಲ್ಲಿ ಒಂದೊಂದು ಕೋಣೆಗೂ ತನ್ನದೇ ಆದ ನೋಟ ಕೊಡುವ ಸೌಲಭ್ಯಗಳು ಒಂದೊಂದಾಗಿ ಸೇರಿದವು. ಯಾವ ಕೋಣೆ ಎಷ್ಟು ಸ್ಮೃತಿ, ಎಷ್ಟು ಶಕ್ತಿ ಬಳಸಬಹುದೆಂಬ ಪಡಿತರದ ವ್ಯವಸ್ಥೆ ಗೂಗಲ್ ಎಂಜಿನಿಯರುಗಳ ಯತ್ನದಿಂದ 2008ರಲ್ಲಿ ಬಂದಿತು. 2013ರ ಮಾರ್ಚಿಯಲ್ಲಿ ಕ್ಯಾಲಿಫೋರ್ನಿಯದ ಸಾಂಟಾ ಕ್ಲಾರಾದಲ್ಲಿ ನಡೆದ ಪೈಥಾನ್ ಸಮ್ಮೇಳನದಲ್ಲಿ ಸಾಲೊಮನ್ ಹೈಕ್ಸ್ ಕೆಲವೇ ನಿಮಿಷಗಳ ಭಾಷಣದಲ್ಲಿ ಡಾಕರ್ ಎಂಬ ಸಾಧನವನ್ನು ತೋರಿಸಿದರು. ಅದರ ಒಳಗಿನ ಅಂಶಗಳಲ್ಲಿ ಹೆಚ್ಚಿನವು ಮೊದಲೇ ಇದ್ದವು. ಡಾಕರ್ ಮಾಡಿದ ಉಪಕಾರವೆಂದರೆ ಅವನ್ನು ಸಾಮಾನ್ಯ ಕೆಲಸಗಾರನ ಕೈಗೆಟುಕುವ ಹಾಗೆ ಮಾಡಿದ್ದು. ಅದಕ್ಕಿಂತ ಮಿಗಿಲಾಗಿ, ಕೋಣೆಯನ್ನು ಸಜ್ಜುಗೊಳಿಸುವ ವಿಧಾನವನ್ನು ಒಂದು ಸಣ್ಣ ಲಿಖಿತದಲ್ಲಿ ಬರೆದಿಡುವಂತೆ ಮಾಡಿದ್ದು.

ಆ ಲಿಖಿತವೇ ಈ ಇತಿಹಾಸದ ತಿರುವು. ಅದರ ಸ್ವರೂಪ ಪಾಕವಿಧಿಯಂತಿರುತ್ತದೆ. ಇಂಥ ಲಿನಕ್ಸ್‌ನ ಇಂಥ ಆವೃತ್ತಿಯಿಂದ ಹೊರಡು. ಮಿನ್‌ಜಿಡಬ್ಲ್ಯೂ ಕಂಪೈಲರನ್ನು ತಂದಿಡು. ಈ ಈ ಗ್ರಂಥಾಲಯಗಳ ಮೂಲಪಾಠ ತೆಗೆದುಕೊಂಡು, ತಂದದ್ದು ಸರಿಯಾದುದೇ ಎಂದು ಗುರುತಿನ ಸಂಖ್ಯೆಯಿಂದ ತಾಳೆನೋಡಿ, ವಿಂಡೋಸ್‌ಗಾಗಿ ಕಟ್ಟಿಡು. ಕೊನೆಗೆ ನಮ್ಮ ತಂತ್ರಾಂಶವನ್ನು ಅನುವಾದಿಸಿ, ಬಳಕೆದಾರ ಒಂದು ಗುಂಡಿ ಒತ್ತಿ ಸ್ಥಾಪಿಸಿಕೊಳ್ಳುವಂತೆ ಗಂಟುಕಟ್ಟು. ಎಲ್ಲವೂ ಸಾಲುಸಾಲಾಗಿ ಇರುತ್ತದೆ. ಈ ಬರಹ ಮೂಲಪಾಠದ ಜೊತೆಗೇ ಇರುವುದರಿಂದ ಯಾರು ಬೇಕಾದರೂ ಓದಬಹುದು, ತಿದ್ದಬಹುದು. ಬಳಗದವರು ಮೂಲಪಾಠದಲ್ಲಿ ಬದಲಾವಣೆ ಮಾಡಿದಾಗಲೆಲ್ಲ ಯಂತ್ರವೇ ಹೊಸ ಕೋಣೆಯೊಂದನ್ನು ಸಜ್ಜುಗೊಳಿಸಿ, ವಿಂಡೋಸ್ ಪ್ರತಿಯನ್ನು ಕಟ್ಟಿ, ಕೋಣೆಯನ್ನು ಅಳಿಸಿಹಾಕುತ್ತದೆ. ರಾತ್ರಿ ಎಲ್ಲರೂ ಮಲಗಿದ್ದಾಗ ಕಮ್ಮಟ ತಾನೇ ನಡೆದು, ಬೆಳಗಾಗುವ ಹೊತ್ತಿಗೆ ಹೊಸ ನಾಣ್ಯ ಸಿದ್ಧ. ಹಿಂದಿನ ದಿನದ ಕಸ ಇಂದಿನ ಕೆಲಸಕ್ಕೆ ಅಂಟುವುದಿಲ್ಲ.

ಕ್ರಾಸ್ ಕಂಪೈಲರಿಗೂ ಕಂಟೈನರಿಗೂ ಇಷ್ಟು ಸಲಿಗೆ ಬೆಳೆದದ್ದಕ್ಕೆ ಒಂದು ಕಾರಣವಿದೆ. ಕಂಟೈನರ್ ಪೂರ್ಣ ಯಂತ್ರವಲ್ಲ; ಹೊರಗಿನ ವ್ಯವಸ್ಥೆಯ ತಿರುಳನ್ನೇ ಹಂಚಿಕೊಂಡು ಬಾಳುವ ಕೋಣೆ. ಲಿನಕ್ಸ್ ಮನೆಯಲ್ಲಿ ಲಿನಕ್ಸ್ ಕೋಣೆ ತೆರೆಯಬಹುದೇ ಹೊರತು ವಿಂಡೋಸ್ ಕೋಣೆಯನ್ನಲ್ಲ. ವಿಂಡೋಸ್‌ನದೇ ಕಂಟೈನರ್ 2016ರಲ್ಲಿ ಬಂದರೂ ಅದಕ್ಕೆ ಕೆಳಗೆ ವಿಂಡೋಸ್ ಇರಲೇಬೇಕು. ಆದುದರಿಂದ ಹಗುರವಾದ ಲಿನಕ್ಸ್ ಕೋಣೆಯಲ್ಲಿ ಕುಳಿತು ವಿಂಡೋಸ್‌ಗೆ ಅನುವಾದಿಸುವುದೇ ಬಡವನಿಗೂ ಸ್ವಯಂಸೇವಕನಿಗೂ ಅನುಕೂಲವಾದ ಮಾರ್ಗ. ಕಟ್ಟಿದ್ದನ್ನು ನಡೆಸಿ ನೋಡುವುದು ಹೇಗೆ ಎಂದರೆ, 1993ರಿಂದ ಬೆಳೆದುಬಂದಿರುವ ವೈನ್ ಎಂಬ ತಂತ್ರಾಂಶ ವಿಂಡೋಸ್‌ನ ಪಾತ್ರವನ್ನು ಲಿನಕ್ಸ್ ರಂಗದ ಮೇಲೆ ಅಭಿನಯಿಸುತ್ತದೆ. ಮೊದಲ ಪರೀಕ್ಷೆಗೆ ಅದು ಸಾಲುತ್ತದೆ. ಪಾತ್ರಧಾರಿ ರಾಜನಲ್ಲವಾದ ಕಾರಣ ಕಡೆಯ ಪರೀಕ್ಷೆ ನಿಜವಾದ ವಿಂಡೋಸ್‌ನಲ್ಲಿಯೇ ಆಗಬೇಕು.

ಇದುವರೆಗೆ ಹೇಳಿದ್ದು ಅನುಕೂಲದ ಮಾತು. ಇನ್ನು ವಿಶ್ವಾಸದ ಮಾತು. ಮೂಲಪಾಠವನ್ನು ಎಲ್ಲರೂ ಓದಬಹುದು, ನಿಜ. ನನ್ನ ಕೈಗೆ ಬಂದ ಯಂತ್ರಪಾಠ ಆ ಮೂಲಪಾಠದಿಂದಲೇ ಆದದ್ದು ಎಂಬುದಕ್ಕೆ ಸಾಕ್ಷಿಯೇನು? ಯುನಿಕ್ಸ್ ಬರೆದ ಅದೇ ಥಾಂಪ್ಸನ್ ಟ್ಯೂರಿಂಗ್ ಪ್ರಶಸ್ತಿ ಸ್ವೀಕರಿಸುತ್ತ ಮಾಡಿದ, 1984ರಲ್ಲಿ ಅಚ್ಚಾದ ಉಪನ್ಯಾಸದಲ್ಲಿ ಈ ಪ್ರಶ್ನೆಯನ್ನು ಎತ್ತಿದರು. ಅನುವಾದಕನೇ ವಂಚಕನಾಗಿ, ಮೂಲದಲ್ಲಿಲ್ಲದ ಕಳ್ಳಬಾಗಿಲನ್ನು ಅನುವಾದದಲ್ಲಿ ಸೇರಿಸಿದರೆ, ಮೂಲವನ್ನು ಎಷ್ಟು ಶೋಧಿಸಿದರೂ ಕಾಣುವುದಿಲ್ಲ ಎಂದು ಅವರು ತೋರಿಸಿಕೊಟ್ಟರು. ಅಂದು ಅದು ವಿದ್ವಾಂಸರ ಕುತೂಹಲವಾಗಿತ್ತು. 2015ರಲ್ಲಿ ಚೀನಾದಲ್ಲಿ ಆಪಲ್ ಯಂತ್ರಗಳ ತಂತ್ರಾಂಶ ರಚಿಸುವ ಸಲಕರಣೆಯ ಕಲಬೆರಕೆ ಪ್ರತಿಯೊಂದು ಹರಡಿ, ಅರಿಯದೆ ಅದನ್ನು ಬಳಸಿದವರ ತಂತ್ರಾಂಶಗಳೆಲ್ಲ ಕಲುಷಿತವಾದವು. 2020ರ ಡಿಸೆಂಬರಿನಲ್ಲಿ ಬಯಲಾದ ಸೋಲಾರ್‌ವಿಂಡ್ಸ್ ಪ್ರಕರಣ ಇನ್ನೂ ಘೋರ. ಶತ್ರುಗಳು ಆ ಸಂಸ್ಥೆಯ ಕಮ್ಮಟವನ್ನೇ ಹೊಕ್ಕು, ಅನುವಾದ ನಡೆಯುವ ಕ್ಷಣದಲ್ಲಿ ಮೂಲಕಡತವೊಂದನ್ನು ಬದಲಾಯಿಸಿ, ಮುಗಿದೊಡನೆ ಮೊದಲಿನಂತೆ ಇಟ್ಟುಬಿಡುತ್ತಿದ್ದರು. ಸುಮಾರು 18,000 ಗ್ರಾಹಕರಿಗೆ ಆ ಪ್ರತಿ ತಲುಪಿತು. ಅದರ ಮೇಲಿದ್ದ ಸಂಸ್ಥೆಯ ಮುದ್ರೆ ಅಸಲಿಯೇ. ಲೋಹ ಮಾತ್ರ ಖೋಟಾ.

ಇದಕ್ಕೆ ಮುಕ್ತ ತಂತ್ರಾಂಶದವರು ಕಂಡುಕೊಂಡ ಉಪಾಯ, ಹಳಗನ್ನಡ ಓದಿದವರಿಗೆ ಚಿರಪರಿಚಿತವಾದದ್ದು. ಕಾವ್ಯವೊಂದರ ಶುದ್ಧಪಾಠವನ್ನು ನಿರ್ಣಯಿಸುವಾಗ ಸಂಪಾದಕ ಒಂದೇ ಓಲೆಗರಿಯನ್ನು ನಂಬುವುದಿಲ್ಲ. ಬೇರೆ ಬೇರೆ ಊರುಗಳಲ್ಲಿ, ಬೇರೆ ಬೇರೆ ಲಿಪಿಕಾರರು ಬರೆದ ಪ್ರತಿಗಳನ್ನು ತರಿಸಿ ಅಕ್ಷರಕ್ಕೆ ಅಕ್ಷರ ಹೋಲಿಸುತ್ತಾನೆ. ಇಲ್ಲಿಯೂ ಹಾಗೆಯೇ. ಪರಸ್ಪರ ಸಂಬಂಧವಿಲ್ಲದ ಹಲವರು ತಮ್ಮ ತಮ್ಮ ಮನೆಗಳಲ್ಲಿ ಅದೇ ಮೂಲಪಾಠವನ್ನು ಅದೇ ಪಾಕವಿಧಿಯಂತೆ ಕಟ್ಟಿ, ಬಂದ ಯಂತ್ರಪಾಠಗಳನ್ನು ಹೋಲಿಸುತ್ತಾರೆ. ಒಂದು ಬಿಟ್ಟೂ ಬಿಡದಂತೆ ಒಂದೇ ಆದರೆ ನಡುವೆ ಯಾರೂ ಕೈಯಾಡಿಸಿಲ್ಲವೆಂದು ನಂಬಲು ಆಧಾರ ದೊರೆತಂತಾಯಿತು. 2011ರಿಂದ ಬಿಟ್‌ಕಾಯಿನ್ ತಂತ್ರಾಂಶದವರು ಗಿಟಿಯನ್ ಎಂಬ ಸಾಧನದಿಂದ ಇದನ್ನು ಆಚರಣೆಗೆ ತಂದರು. ವಿಂಡೋಸ್ ಪ್ರತಿಯನ್ನೂ ಲಿನಕ್ಸ್‌ನಲ್ಲಿ ಮಿನ್‌ಜಿಡಬ್ಲ್ಯೂ ಮೂಲಕವೇ ಕಟ್ಟಿದರು. ಜನರ ಹಣ ಅದರಲ್ಲಿದ್ದುದರಿಂದ ಕಟ್ಟಿದವನೊಬ್ಬನ ಮಾತನ್ನು ನಂಬಿ ಕೂಡುವಂತಿರಲಿಲ್ಲ. 2013ರಲ್ಲಿ, ಸರಕಾರಗಳ ಗುಪ್ತ ಬೇಹುಗಾರಿಕೆಯನ್ನು ಸ್ನೋಡೆನ್ ಬಯಲಿಗೆಳೆದ ವರ್ಷವೇ, ಟಾರ್ ಬ್ರೌಸರಿನವರು ಅದೇ ದಾರಿ ಹಿಡಿದರು. ಗುರುತು ಮರೆಸಿ ಓದಬೇಕಾದ ಪತ್ರಕರ್ತರೂ ಭಿನ್ನಮತದವರೂ ನೆಚ್ಚಿರುವ ತಂತ್ರಾಂಶ ಅದು. ಅಲ್ಲಿ ಕಮ್ಮಟ ಕೆಟ್ಟರೆ ಹೋಗುವುದು ಹಣವಷ್ಟೇ ಅಲ್ಲ, ಪ್ರಾಣವೂ ಹೋದೀತು. ಅದೇ ವರ್ಷ ಡೆಬಿಯನ್ ಬಳಗವೂ ತನ್ನ ಭಂಡಾರದ ಸಾವಿರಾರು ತಂತ್ರಾಂಶಗಳಿಗೆ ಈ ಒರೆಗಲ್ಲನ್ನು ಹಿಡಿಯಲಾರಂಭಿಸಿತು.

ಒಂದೇ ಪಾಠ ಎರಡು ಸಲ ಒಂದೇ ಆಗಿ ಬರುವಂತೆ ಮಾಡುವುದು ಕೇಳುವಷ್ಟು ಸುಲಭವಲ್ಲ. ವಿಂಡೋಸ್‌ನ ಯಂತ್ರಪಾಠದ ಶಿರೋಭಾಗದಲ್ಲಿ ಅದನ್ನು ಜೋಡಿಸಿದ ಗಳಿಗೆಯನ್ನು ನಮೂದಿಸುವ ರೂಢಿಯಿದೆ. ಓಲೆಗರಿಯ ಕೊನೆಯಲ್ಲಿ ಲಿಪಿಕಾರ ಸಂವತ್ಸರ, ಮಾಸ, ತಿಥಿ ಬರೆದಿಡುವ ಹಾಗೆ. ಒಂದು ಕ್ಷಣ ತಡವಾದರೂ ಪಾಠಭೇದ ಉಂಟಾಗುತ್ತದೆ. ಕಡತಗಳನ್ನು ಓದುವ ಅನುಕ್ರಮ, ಕಟ್ಟಿದವನ ಯಂತ್ರದಲ್ಲಿ ಅವು ಇದ್ದ ಜಾಗದ ಹೆಸರು, ಇಂಥವೂ ಒಳಗೆ ನುಸುಳುತ್ತವೆ. ಎಲ್ಲರೂ ಒಂದೇ ನಿಗದಿಯಾದ ಕಾಲವನ್ನು ನಮೂದಿಸುವುದೆಂದೂ ಒಂದೇ ಅನುಕ್ರಮವನ್ನು ಪಾಲಿಸುವುದೆಂದೂ ಕಟ್ಟುಪಾಡು ಮಾಡಿಕೊಂಡು ಈ ಭೇದಗಳನ್ನು ನಿವಾರಿಸಬೇಕಾಯಿತು. ಎಲ್ಲರ ಕೋಣೆಯೂ ಒಂದೇ ಆಗಿರಲು ಕಂಟೈನರ್ ಇಲ್ಲಿ ಬಹಳ ನೆರವಾಗುತ್ತದೆ.

ಆದರೆ ಗ್ರಂಥಸಂಪಾದನೆಯ ವಿದ್ಯಾರ್ಥಿಗೆ ಇನ್ನೊಂದು ಎಚ್ಚರವೂ ಗೊತ್ತು. ಹತ್ತು ಪ್ರತಿಗಳು ಒಂದೇ ಪಾಠ ಹೇಳಿದರೂ, ಆ ಹತ್ತೂ ಒಂದೇ ತಪ್ಪು ಮಾತೃಕೆಯಿಂದ ಇಳಿದು ಬಂದಿದ್ದರೆ ಅವುಗಳ ಸಾಕ್ಷಿ ಒಂದೇ ಸಾಕ್ಷಿಯಾಗುತ್ತದೆ. ಪ್ರತಿಗಳನ್ನು ಎಣಿಸಿದರೆ ಸಾಲದು, ತೂಗಬೇಕು. ಕಂಟೈನರಿನ ದೌರ್ಬಲ್ಯವೂ ಇದೇ. ಎಲ್ಲರೂ ಎಲ್ಲಿಂದಲೋ ತಂದ ಒಂದೇ ಸಿದ್ಧಕೋಣೆಯಲ್ಲಿ ಕಟ್ಟಿ, ಆ ಕೋಣೆಯೊಳಗಿನ ಕಂಪೈಲರೇ ಕೆಟ್ಟಿದ್ದರೆ, ಎಲ್ಲರ ನಾಣ್ಯವೂ ಒಂದೇ ರೀತಿಯಲ್ಲಿ ಖೋಟಾ. ಅದನ್ನರಿತೇ ಬಿಟ್‌ಕಾಯಿನ್ ಬಳಗ 2021ರಲ್ಲಿ ಗಿಟಿಯನ್ನನ್ನು ಬಿಟ್ಟು ಗೀಕ್ಸ್ ಎಂಬ ವ್ಯವಸ್ಥೆಗೆ ತೆರಳಿತು. ಕೋಣೆಯೊಳಗಿನ ಸಲಕರಣೆಗಳನ್ನೂ ಮೂಲಪಾಠದಿಂದಲೇ ಕಟ್ಟಿಕೊಳ್ಳಬೇಕೆಂಬುದು ಗೀಕ್ಸ್‌ನ ವ್ರತ. 2023ರಲ್ಲಿ ಅವರು ಕೇವಲ 357 ಬೈಟುಗಳ ಒಂದು ಬೀಜದಿಂದ ಹೊರಟು, ಹಂತಹಂತವಾಗಿ ಜಿಸಿಸಿಯವರೆಗೆ ಎಲ್ಲವನ್ನೂ ಕಟ್ಟಿ ತೋರಿಸಿದರು. ಆ ಬೀಜವನ್ನು ಮನುಷ್ಯ ಒಂದೇ ಪುಟದಲ್ಲಿ ಬರೆದು ಕಣ್ಣಾರೆ ಓದಿ ನೋಡಬಹುದು. ಥಾಂಪ್ಸನ್ ಎತ್ತಿದ ಪ್ರಶ್ನೆಗೆ ಸಿಕ್ಕಿರುವ ಸಮಾಧಾನಗಳಲ್ಲಿ ಇದು ಗಣ್ಯವಾದದ್ದು.

ಸಮಾಧಾನ ಪೂರ್ಣವೆಂದು ಮಾತ್ರ ತಿಳಿಯಬಾರದು. 2024ರ ಮಾರ್ಚಿಯಲ್ಲಿ ಎಕ್ಸ್‌ಜೆಡ್ ಎಂಬ ಪುಟ್ಟ ಮುಕ್ತ ತಂತ್ರಾಂಶದಲ್ಲಿ ಕಳ್ಳಬಾಗಿಲೊಂದು ಪತ್ತೆಯಾಯಿತು. ದೂರದ ಯಂತ್ರವನ್ನು ಪ್ರವೇಶಿಸಲು ಅರ್ಧ ಸೆಕೆಂಡು ಹೆಚ್ಚು ಹಿಡಿಯುತ್ತಿದೆಯಲ್ಲ ಎಂಬ ಸಣ್ಣ ಅನುಮಾನದ ಎಳೆ ಹಿಡಿದು ಆಂಡ್ರೆಸ್ ಫ್ರಾಯಿಂಡ್ ಎಂಬ ಎಂಜಿನಿಯರ್ ಅದನ್ನು ಹೊರಗೆಳೆದರು. ಸುಳ್ಳು ಹೆಸರಿನ ಹಿಂದೆ ಅಡಗಿದವರು ವರ್ಷಗಟ್ಟಲೆ ಸೇವೆ ಮಾಡುತ್ತ ಬಳಗದ ವಿಶ್ವಾಸ ಗಳಿಸಿ ಆ ಬಾಗಿಲನ್ನು ಇಟ್ಟಿದ್ದರು. ಅದನ್ನು ಚಾಲನೆಗೊಳಿಸುವ ಸಾಲುಗಳು ಎಲ್ಲರೂ ಓದುವ ಮೂಲಭಂಡಾರದಲ್ಲಿ ಇರಲಿಲ್ಲ. ಹಂಚುವುದಕ್ಕಾಗಿ ಕಟ್ಟಿದ ಗಂಟಿನಲ್ಲಿ ಮಾತ್ರ, ಅದೂ ಕಟ್ಟುವ ವಿಧಿಯ ಕಡತದಲ್ಲಿ, ಇದ್ದವು. ಗಂಟನ್ನೇ ನಂಬಿ ಕಟ್ಟಿದ್ದರೆ ಎಷ್ಟು ಶುಚಿಯಾದ ಕೋಣೆಯೂ, ಎಷ್ಟು ಜನರ ಹೋಲಿಕೆಯೂ ಅದನ್ನು ತಡೆಯುತ್ತಿರಲಿಲ್ಲ. ಯಂತ್ರ ತಾಳೆನೋಡಬಲ್ಲದು, ಸಂಶಯಪಡುವುದು ಮನುಷ್ಯನ ಪಾಲಿಗೇ ಉಳಿಯುತ್ತದೆ.

ಕಾಲಚಕ್ರ ಈ ನಡುವೆ ಎಷ್ಟು ಉರುಳಿದೆಯೆಂದರೆ, 2016ರಿಂದ ವಿಂಡೋಸ್ ತನ್ನ ಮನೆಯೊಳಗೇ ಲಿನಕ್ಸ್‌ಗೆ ಒಂದು ಕೋಣೆ ಕೊಟ್ಟಿದೆ. 1976ರಲ್ಲಿ ನಕಲಿಗೆ ಕೋಪಗೊಂಡಿದ್ದ ಗೇಟ್ಸ್, ಸಂಸ್ಥೆಗೆ 50 ವರ್ಷ ತುಂಬಿದ 2025ರಲ್ಲಿ, ಆಲ್ಟೇರ್ ಬೇಸಿಕ್ಕಿನ ಮೂಲಪಾಠವನ್ನು ತಾವಾಗಿಯೇ ಲೋಕದ ಮುಂದಿಟ್ಟರು. ಎರಡು ಮನೆಗಳ ನಡುವಿನ ಗೋಡೆ ತೆಳುವಾಗಿದೆ. ಆದರೂ ವಿಂಡೋಸ್‌ಗೆ ಬೇಕಾದ ಪ್ರತಿಗಳನ್ನು ಲಿನಕ್ಸ್‌ನ ಕೋಣೆಗಳಲ್ಲಿ ಕಟ್ಟುವ ಕೆಲಸ ನಿಂತಿಲ್ಲ.

ಈ ಇತಿಹಾಸದಿಂದ ನಾವು ಗ್ರಹಿಸಬೇಕಾದುದು ಇಷ್ಟು. ಮುಕ್ತ ತಂತ್ರಾಂಶದವರು ಮೊದಲು ಮೂಲಪಾಠವನ್ನು ಬಿಚ್ಚಿಟ್ಟರು. ಅದು ಸಾಲದೆಂದು ತಿಳಿದಾಗ ಪರನೆಲದವರಿಗೂ ಸಿದ್ಧಪ್ರತಿ ಮಾಡಿಕೊಡುವ ಸಾಧನ ರಚಿಸಿದರು. ಅದೂ ಒಬ್ಬಿಬ್ಬರ ಕೈಚಳಕವಾಗಿ ಉಳಿದಾಗ ಕಟ್ಟುವ ವಿಧಾನವನ್ನೇ ಬರೆದಿಟ್ಟು ಯಂತ್ರಕ್ಕೆ ಒಪ್ಪಿಸಿದರು. ಕೊನೆಗೆ, ನಮ್ಮನ್ನು ನಂಬಿ ಎನ್ನುವ ಬದಲು, ನೀವೇ ಕಟ್ಟಿ ಹೋಲಿಸಿ ನೋಡಿ ಎಂದರು. ವಿದ್ಯೆಯನ್ನು ಬಚ್ಚಿಡುವುದರಿಂದ ಬರುವ ಗೌರವವನ್ನು ಬಿಟ್ಟುಕೊಟ್ಟು, ಪರೀಕ್ಷೆಗೆ ಒಡ್ಡಿಕೊಳ್ಳುವುದರಿಂದ ಬರುವ ವಿಶ್ವಾಸವನ್ನು ಆರಿಸಿಕೊಂಡ ಹಾದಿ ಇದು. ನಮ್ಮಲ್ಲಿ ಎಲ್ಲರೂ ಕಟ್ಟಿ ಹೋಲಿಸಿ ನೋಡಲಾರೆವು, ನಿಜ. ನೋಡಬಲ್ಲವರು ಎಲ್ಲೋ ಹತ್ತು ಮಂದಿ ಇದ್ದಾರೆ, ಅವರಿಗೆ ಯಾವ ಬಾಗಿಲೂ ಮುಚ್ಚಿಲ್ಲ ಎಂಬುದು ಉಳಿದವರ ನೆಮ್ಮದಿಗೆ ಆಧಾರ. ಆ ಹತ್ತು ಮಂದಿ ನೋಡುವುದನ್ನು ಬಿಡದಂತೆ ಅವರ ಕೆಲಸವನ್ನು ಗುರುತಿಸುವುದು, ಸಿದ್ಧನಾಣ್ಯವನ್ನು ಉಚಿತವಾಗಿ ಪಡೆಯುತ್ತಿರುವ ನಮ್ಮೆಲ್ಲರ ಮೇಲಿರುವ ಋಣ.